ಸ್ಕ್ರೀನ್‌ನಲ್ಲಿ ಮಾತ್ರ ಬೀಸಿದ ಗಾಳಿ

ಬೆಳಗ್ಗೆ ಆರೂವರೆ, ಕಾಲೇಜು ಗ್ರೌಂಡ್. ಮರದ ಎಲೆ ಕೂಡ ಅಲ್ಲಾಡ್ತಿರಲಿಲ್ಲ. ನಮ್ಮ ಥರ್ಮಾಕೋಲ್ ವಿಮಾನ ಗ್ರೌಂಡಿನ ಉದ್ದಕ್ಕೆ, ಪೂರ್ವ ಪಶ್ಚಿಮವಾಗಿ ಓಡಾಡ್ತಿತ್ತು. ಲ್ಯಾಪ್‌ಟಾಪ್ ಮಾತ್ರ ದಕ್ಷಿಣದಿಂದ ಸೆಕೆಂಡಿಗೆ 4 ಮೀಟರ್ ಗಾಳಿ ಬೀಸ್ತಿದೆ ಅಂತ ತೋರಿಸ್ತಾ ಇತ್ತು. ಹಾರಿಸೋ ಮುಂಚೆ ನಿಂಬೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ ಪೂಜೆ ಮಾಡಿದ್ವಿ (ನಗಬೇಡಿ, ನೀವೂ ಮಾಡ್ತೀರಿ). ಆ ಊದುಬತ್ತಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು. 4 ಮೀಟರ್ ಗಾಳಿ ಇದ್ದಿದ್ರೆ ಹೊಗೆ ಕಣ್ಣಿಗೇ ಬೀಳ್ತಿರಲಿಲ್ಲ.

ಆಮೇಲೆ ನಾವು ಮಾಡಿದ್ದನ್ನ ಈ ಪತ್ರಿಕೆಯಲ್ಲಿ ಬರೆಯೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಮೊದಲು ಕಂಪಾಸ್ ಮಾಡ್ಯೂಲ್ ಕೆಟ್ಟಿದೆ ಅಂತ ತೀರ್ಮಾನಿಸಿ, ಎಸ್.ಪಿ. ರೋಡ್ ಅಂಗಡಿಗೆ ವಾಪಸ್ ತಗೊಂಡು ಹೋಗಿ, ಸ್ವಲ್ಪ ಜೋರಾಗೇ ಮಾತಾಡಿ, ಬೇರೆ ಮಾಡ್ಯೂಲ್ ತಂದ್ವಿ. ಅದರಲ್ಲೂ ಅದೇ 4 ಮೀಟರ್. ಗಾಳಿ ಲೆಕ್ಕ ಹಾಕೋ ಕೋಡ್ ನಾವೇ ಬರೆದದ್ದು, ಹಾಗಾಗಿ ಅದರೊಳಗೆ ಕೈ ಹಾಕೋದು ಸುಲಭ. ಪೂರ್ವಕ್ಕೆ ಹೋಗುವಾಗ ಕಂಪಾಸ್ ಓದಿನಿಂದ 15 ಡಿಗ್ರಿ ಕಳೆದ್ವಿ. ಗಾಳಿ ಸೊನ್ನೆಗೆ ಬಂತು, ನಾವು ಕುಣಿದ್ವಿ. ವಿಮಾನ ಪಶ್ಚಿಮಕ್ಕೆ ತಿರುಗಿದ ತಕ್ಷಣ ಗಾಳಿ 7 ಮೀಟರ್ ದಾಟಿತು. ಕುಣಿತ ನಿಂತಿತು.

ರಿಪೋರ್ಟ್ ಕೊಡೋ ದಿನ ಹತ್ತಿರ ಇತ್ತು. ಪೂರ್ವಕ್ಕೆ ಹೋದ ಓಟದ ಗ್ರಾಫ್ ಮಾತ್ರ ಹಾಕಿದ್ವಿ. ಕಾರಣದ ಜಾಗದಲ್ಲಿ 'ಸೆನ್ಸಾರ್ ದೋಷ, ಸರಿಪಡಿಸಲಾಗಿದೆ' ಅಂತ ಬರೆದ್ವಿ. ಮಾರ್ಕ್ಸ್ ಬಂತು.

ಇದನ್ನ ಬಯಲು ಮಾಡಿದ್ದು ನಮ್ಮ ಗೆಳೆಯನ ದೊಡ್ಡಪ್ಪ. ಅವರು ತರಬೇತಿ ವಿಮಾನಗಳನ್ನ ರಿಪೇರಿ ಮಾಡೋ ಎಂಜಿನಿಯರ್. ಮನೆಗೆ ಊಟಕ್ಕೆ ಕರೆದಿದ್ರು. ನಾವು ಕೊಚ್ಕೊಳ್ಳೋಕೆ ಶುರು ಮಾಡಿದ್ವಿ. ಅವರು ಅನ್ನಕ್ಕೆ ಸಾರು ಹಾಕ್ಕೊಳ್ತಾ ಒಂದೇ ಪ್ರಶ್ನೆ ಕೇಳಿದ್ರು: "ಗಾಳೀನ ಅಳೆಯೋ ಸೆನ್ಸಾರ್ ಯಾವುದ್ರಪ್ಪಾ?"

ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಹಾಗೊಂದು ಸೆನ್ಸಾರ್ ನಮ್ಮ ಥರ್ಮಾಕೋಲ್ ವಿಮಾನದಲ್ಲಿ ಇರಲಿಲ್ಲ. ಅವರು ರಿಪೇರಿ ಮಾಡೋ ಸೆಸ್ನಾದಲ್ಲೂ ಇಲ್ಲ. ಗಾಜಿನ ಪರದೆಯ ಮೇಲೆ ಬಾಣದ ಗುರುತು ಹಾಕಿ ಇಷ್ಟು ನಾಟ್ ಗಾಳಿ ಅಂತ ತೋರಿಸೋದು ಬರೀ ಲೆಕ್ಕ. ಪಿಯುಸಿಯಲ್ಲಿ ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡ ನದಿ ದಾಟೋ ದೋಣಿಯ ಲೆಕ್ಕ ನೆನಪಿದೆಯಾ? ಅದೇ ಇದು. ದೋಣಿಯ ಮೂತಿ ಯಾವ ಕಡೆ ಇದೆ, ನೀರಿನಲ್ಲಿ ಅದರ ವೇಗ ಎಷ್ಟು, ದಡದಿಂದ ನೋಡಿದ್ರೆ ಅದು ನಿಜವಾಗಿ ಎಲ್ಲಿಗೆ ಎಷ್ಟು ವೇಗದಲ್ಲಿ ಹೋಗ್ತಿದೆ, ಇಷ್ಟು ಗೊತ್ತಿದ್ರೆ ನದಿಯ ಹರಿವು ಸಿಗುತ್ತೆ. ವಿಮಾನದಲ್ಲಿ ಮೂತಿಯ ದಿಕ್ಕನ್ನ, ಅಂದ್ರೆ ಹೆಡಿಂಗನ್ನ, ಮ್ಯಾಗ್ನೆಟೋಮೀಟರ್ ಮತ್ತು ಗೈರೋ ಸೇರಿ ಕೊಡುತ್ತೆ. ಗಾಳಿಯೊಳಗಿನ ವೇಗ ಪಿಟೋ ಟ್ಯೂಬಿನಿಂದ ಬರುತ್ತೆ, ಅದನ್ನ ಎತ್ತರ ಮತ್ತು ಹೊರಗಿನ ಉಷ್ಣಾಂಶ ನೋಡಿ ತಿದ್ದುತ್ತಾರೆ. ನೆಲದ ಮೇಲಿನ ವೇಗ ಮತ್ತು ದಾರಿ ಜಿಪಿಎಸ್‌ದು. ಒಂದು ವೆಕ್ಟರಿನಿಂದ ಇನ್ನೊಂದನ್ನ ಕಳೆದ್ರೆ ಉಳಿಯೋದೇ ಗಾಳಿ.

ಉಳಿಯೋದು ಅನ್ನೋ ಪದವನ್ನ ಗಮನಿಸಿ. ಬೇರೆ ಎಲ್ಲರ ತಪ್ಪೂ ಬಂದು ಸೇರೋ ಜಾಗ ಅದು. ಸೆಸ್ನಾ 172 ಥರದ್ದು 100 ನಾಟ್ ವೇಗದಲ್ಲಿ ಹೋಗ್ತಿದೆ, ಹೆಡಿಂಗ್ 10 ಡಿಗ್ರಿ ತಪ್ಪಾಗಿದೆ ಅಂತಿಟ್ಕೊಳ್ಳಿ. 100 ಗುಣಿಸು ಸೈನ್ 10, ಸುಮಾರು 17 ನಾಟ್. ನಿಂತ ಗಾಳಿಯಲ್ಲೂ ಪರದೆ 17 ನಾಟ್ ಅಡ್ಡಗಾಳಿ ತೋರಿಸುತ್ತೆ. 172ರ ಕೈಪಿಡಿಯಲ್ಲಿ, ಇಳಿಯುವಾಗ ಪರೀಕ್ಷಿಸಿ ನೋಡಿದ ಗರಿಷ್ಠ ಅಡ್ಡಗಾಳಿ 15 ನಾಟ್ ಅಂತಿದೆ. ಮೊದಲ ಸಲ ಒಬ್ಬನೇ ಹಾರ್ತಿರೋ, ನಮ್ಮದೇ ವಯಸ್ಸಿನ ಹುಡುಗನ ಮುಂದೆ ಆ 17 ಬಂದ್ರೆ ಅವನಿಗೆ ಹೇಗಾಗಬೇಡ? ನಿಜವಾಗಿ 17 ಇದ್ದು ಪರದೆ ಸೊನ್ನೆ ತೋರಿಸಿದ್ರೆ ಇನ್ನೂ ಕಷ್ಟ.

ಇಲ್ಲಿ ನಮ್ಮ ಕ್ಲಾಸಿನವರೇ ಒಂದು ವಾದ ಎತ್ತಿದ್ರು. ರನ್‌ವೇ ಪಕ್ಕ ಗಾಳಿಚೀಲ ಇರುತ್ತೆ, ಟವರ್‌ನವರು ಗಾಳಿ ಹೇಳ್ತಾರೆ, ಪರದೆಯ ಮೂಲೆಯಲ್ಲಿರೋ ಬಾಣಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಳ್ಳೋದು? ಇಳಿಯುವಾಗಿನ ಗಾಳಿಯ ಮಟ್ಟಿಗೆ ಅದು ಸರಿ. ಆದ್ರೆ ಬಾಣವನ್ನ ಕೆಡಿಸಿದ ಅದೇ ಹೆಡಿಂಗ್ ಆಟೋಪೈಲಟ್‌ಗೂ ಹೋಗ್ತಿದೆ, ದಿಕ್ಕಿನ ಚಕ್ರಕ್ಕೂ ಹೋಗ್ತಿದೆ. ಮೋಡದೊಳಗೆ ಇರುವಾಗ 'ಹೆಡಿಂಗ್ 270 ಇಡಿ' ಅಂತ ಕಂಟ್ರೋಲರ್ ಹೇಳಿದ್ರೆ, ನಾವು 270 ಅಂದುಕೊಂಡು 280ಕ್ಕೆ ಹೋಗ್ತಿರ್ತೀವಿ. 6 ನಾಟಿಕಲ್ ಮೈಲಿ ಹೋಗೋದ್ರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರ್ತೀವಿ.

ಹಾಗಾಗಿ ನಮ್ಮ ವಾದ ಇದು: ತಪ್ಪು ಗಾಳಿ ತೋರಿಸೋ ಬಾಣ ಆ ಪರದೆಯ ಮೇಲಿರೋ ಅತ್ಯಂತ ಪ್ರಾಮಾಣಿಕ ವಸ್ತು. ಅದನ್ನ ಸುಮ್ಮನಾಗಿಸಬಾರದು, ವಿಚಾರಿಸಬೇಕು.

ಯಾಕೆ ಅಂದ್ರೆ ಈ ಎಲೆಕ್ಟ್ರಾನಿಕ್ ಪರದೆಗಳಿಗೆ ಕೆಟ್ಟುಹೋಗಿರೋದನ್ನ ಹೇಳೋಕೆ ಬರುತ್ತೆ, ತಪ್ಪಿರೋದನ್ನ ಹೇಳೋಕೆ ಬರಲ್ಲ. ಗಾರ್ಮಿನ್ ಜಿ1000ನಲ್ಲಿ ಮ್ಯಾಗ್ನೆಟೋಮೀಟರ್ ಪೂರ್ತಿ ಸತ್ತರೆ ಹೆಡಿಂಗ್ ಮೇಲೆ ಕೆಂಪು ಇಂಟು ಗುರುತು ಬೀಳುತ್ತೆ, ಗಾಳಿಯ ಮಾಹಿತಿ ಇಲ್ಲ ಅಂತ ಬರುತ್ತೆ. ಅದು ಸುಲಭದ ಕೇಸ್. ಆದ್ರೆ ಮ್ಯಾಗ್ನೆಟೋಮೀಟರ್ ಚೆನ್ನಾಗೇ ಕೆಲಸ ಮಾಡ್ತಾ, ತನ್ನ ಪಕ್ಕದ ಕಬ್ಬಿಣದ ಸ್ಕ್ರೂನ ಕಾಂತಕ್ಷೇತ್ರವನ್ನೂ ಭೂಮಿಯದ್ದರ ಜೊತೆ ಸೇರಿಸಿ ನಿಷ್ಠೆಯಿಂದ ಅಳೀತಿದ್ರೆ? ಪೆಟ್ಟಿಗೆಯ ದೃಷ್ಟಿಯಲ್ಲಿ ಎಲ್ಲಾ ಹಸಿರು. ಜಿಪಿಎಸ್, ಪಿಟೋ, ಕಂಪಾಸ್ ಮೂವರನ್ನೂ ಎದುರುಬದುರು ಕೂರಿಸಿ ಮಾತಾಡಿಸೋ ಜಾಗ ಅಂದ್ರೆ ಆ ಗಾಳಿಯ ಲೆಕ್ಕ. ಮೂವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅನ್ನೋದು ಅಲ್ಲಿ ಕಾಣುತ್ತೆ.

ಯಾರು ಅಂತ ಪತ್ತೆ ಹಚ್ಚೋದು ಹೇಗೆ? ದೊಡ್ಡಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಪೇಪರ್ ಮೇಲೆ ವಿಮಾನದ ಚಿತ್ರ ಬರೆದ್ರು. ನಿಜವಾದ ಗಾಳಿಗೆ ನಿಮ್ಮ ವಿಮಾನ ಯಾವ ಕಡೆ ತಿರುಗಿದೆ ಅನ್ನೋದು ಗೊತ್ತಿಲ್ಲ. ನೀವು ನಾಲ್ಕು ದಿಕ್ಕಿಗೆ ಹಾರಿದ್ರೂ ಅದು ದಕ್ಷಿಣದಿಂದ ಅಂದ್ರೆ ದಕ್ಷಿಣದಿಂದಲೇ. ಸುಳ್ಳು ಗಾಳಿ ವಿಮಾನಕ್ಕೆ ಅಂಟಿಕೊಂಡಿರುತ್ತೆ. ಯಾವ ಕಡೆ ತಿರುಗಿದ್ರೂ ಮೂಗಿನ ಎದುರಿಂದಲೇ ಗಾಳಿ ಬರ್ತಿದ್ರೆ ಗಾಳಿಯೊಳಗಿನ ವೇಗವನ್ನ ಜಾಸ್ತಿ ಓದ್ತಿದ್ದೀರಿ, ಬಾಲದ ಕಡೆಯಿಂದಲೇ ಬರ್ತಿದ್ರೆ ಕಡಿಮೆ ಓದ್ತಿದ್ದೀರಿ. ಪಿಟೋ ಅಥವಾ ಸ್ಟ್ಯಾಟಿಕ್ ಪೈಪ್ ಸೋರಿಕೆ ನೋಡಿ, ಎಂಜಿನ್ ಬಿಸಿ ಅಥವಾ ಬಿಸಿಲು ತಾಗೋ ಜಾಗದಲ್ಲಿ ಉಷ್ಣಾಂಶದ ಸೆನ್ಸಾರ್ ಇದೆಯಾ ನೋಡಿ. ಎಲ್ಲಾ ದಿಕ್ಕಲ್ಲೂ ಬಲಗಡೆಯಿಂದಲೇ ಬಂದ್ರೆ ಹೆಡಿಂಗ್ ಎಲ್ಲಾ ದಿಕ್ಕಲ್ಲೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಇದೆ. ಮ್ಯಾಗ್ನೆಟೋಮೀಟರನ್ನ ಯಾರೋ ಸೊಟ್ಟಗೆ ಕೂರಿಸಿದ್ದಾರೆ ಅಂತ ಮೊದಲ ಅನುಮಾನ.

"ನಮ್ದು ಹಾಗಲ್ಲ ಅಂಕಲ್, ಪೂರ್ವಕ್ಕೆ ಹೋದ್ರೂ ಪಶ್ಚಿಮಕ್ಕೆ ಹೋದ್ರೂ ದಕ್ಷಿಣದಿಂದಲೇ ತೋರಿಸ್ತಿತ್ತು. ಅಂದ್ಮೇಲೆ ಅದು ನಿಜವಾದ ಗಾಳೀನೇ ಅಲ್ವಾ?" ಅಂದ್ವಿ.

"ಉತ್ತರ ದಕ್ಷಿಣ ಹಾರಿಸಿದ್ರಾ?"

ಇಲ್ಲ. ಗ್ರೌಂಡ್ ಅಗಲ ಸಾಲದು, ಆ ಕಡೆ ಹಾಸ್ಟೆಲ್ ಕಾಂಪೌಂಡ್.

ಇದೇ ಈ ವಿಷಯದ ನಿಜವಾದ ಬಲೆ. ವಿಮಾನದ ಮೈಗೇ ಅಂಟಿಕೊಂಡ ಒಂದು ಕಾಂತಕ್ಷೇತ್ರ, ಅಂದ್ರೆ ಆಯಸ್ಕಾಂತವಾಗಿಬಿಟ್ಟ ಕಬ್ಬಿಣ ಅಥವಾ ಕರೆಂಟ್ ಹರಿಯೋ ವೈರು, ಎಲ್ಲಾ ದಿಕ್ಕಿಗೂ ಒಂದೇ ತಪ್ಪು ಕೊಡಲ್ಲ. ತಪ್ಪು ಸೈನ್ ಅಲೆಯ ಥರ ಬದಲಾಗುತ್ತೆ: ಪೂರ್ವದಲ್ಲಿ 15 ಡಿಗ್ರಿ ಜಾಸ್ತಿ ಆದ್ರೆ ಪಶ್ಚಿಮದಲ್ಲಿ 15 ಕಡಿಮೆ, ಉತ್ತರ ದಕ್ಷಿಣದಲ್ಲಿ ಸೊನ್ನೆ. ಪೂರ್ವಕ್ಕೆ ಹೋಗುವಾಗ ಜಾಸ್ತಿ ಅಂದ್ರೆ ಗಾಳಿ ಬಲಗಡೆಯಿಂದ ಬಂದ ಹಾಗೆ, ಅದು ದಕ್ಷಿಣ. ಪಶ್ಚಿಮಕ್ಕೆ ಹೋಗುವಾಗ ಕಡಿಮೆ ಅಂದ್ರೆ ಎಡಗಡೆಯಿಂದ ಬಂದ ಹಾಗೆ, ಅದೂ ದಕ್ಷಿಣವೇ! ಒಂದೇ ದಾರಿಯಲ್ಲಿ ಹೋಗಿ ಬಂದು ನೋಡಿದ್ರೆ ಸುಳ್ಳು ಗಾಳಿ ನಿಜವಾದ ಗಾಳಿಯ ವೇಷ ಹಾಕ್ಕೊಂಡಿರುತ್ತೆ. ನಾಲ್ಕು ದಿಕ್ಕೂ ಹಾರಿದ್ರೆ ಮಾತ್ರ ಅದರ ಬಣ್ಣ ಬಯಲು. ನಾವು 15 ಡಿಗ್ರಿ ಕಳೆದಾಗ ಪೂರ್ವದ ತಪ್ಪು ಹೋಗಿ ಪಶ್ಚಿಮದ್ದು 30 ಆಗಿದ್ದು ಯಾಕೆ ಅಂತ ಆಗ ತಲೆಗೆ ಹೋಯ್ತು. ಟ್ರಿಗ್ನಾಮೆಟ್ರಿ ನಮ್ಮ ಎದುರಿಗೇ ನಿಂತು ಕೈ ಬೀಸಿತ್ತು. ನಾವು ಆ ಗ್ರಾಫನ್ನೇ ಡಿಲೀಟ್ ಮಾಡಿದ್ವಿ.

ಮಾರನೇ ದಿನ ವಿಮಾನವನ್ನ ಬೆಂಚಿಗೆ ಕಟ್ಟಿ, ಪೂರ್ವಕ್ಕೆ ಮುಖ ಮಾಡಿಸಿ, ಎಲ್ಲರೂ ಹಿಂದೆ ನಿಂತು ಥ್ರಾಟಲ್ ಏರಿಸಿದ್ವಿ. ವಿಮಾನ ಅಲ್ಲೇ ಇದೆ, ಹೆಡಿಂಗ್ ಮಾತ್ರ ನಿಧಾನಕ್ಕೆ ತಿರುಗ್ತಾ ಹೋಯ್ತು. ಬ್ಯಾಟರಿಯಿಂದ ಹೋಗೋ ವೈರು ಕಂಪಾಸ್ ಪಕ್ಕದಲ್ಲೇ, ವಾಪಸ್ ಬರೋ ವೈರು ಇನ್ನೊಂದು ಬದಿಯಲ್ಲಿ. ಕಂಪಾಸ್ ಕ್ಯಾಲಿಬ್ರೇಷನ್ ಅನ್ನ ನಾವು ಯಾವತ್ತೂ ಮೋಟಾರ್ ಆಫ್ ಇಟ್ಟು ಮಾಡ್ತಿದ್ವಿ. ಆಗ ಕರೆಂಟೇ ಇಲ್ಲ, ತಪ್ಪೂ ಇಲ್ಲ, ಪಾಸ್.

ದೊಡ್ಡ ವಿಮಾನದಲ್ಲಿ ಹೀಗಾಗಲ್ಲ ಅಂದ್ಕೋಬೇಡಿ. ಪಿಯುಸಿ ಸೂತ್ರವನ್ನೇ ಹಾಕಿ. 5 ಆಂಪಿಯರ್ ಹರಿಯೋ ಒಂಟಿ ವೈರು 10 ಸೆಂಟಿಮೀಟರ್ ದೂರದಲ್ಲಿ 10 ಮೈಕ್ರೋಟೆಸ್ಲಾ ಕ್ಷೇತ್ರ ಹುಟ್ಟಿಸುತ್ತೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರದ ಅಡ್ಡ ಭಾಗ ಸುಮಾರು 40. ಅಂದ್ರೆ ನಾಲ್ಕನೇ ಒಂದು ಭಾಗ, ಹೆಚ್ಚಂದ್ರೆ ಸುಮಾರು 14 ಡಿಗ್ರಿ ತಪ್ಪು. ಅದಕ್ಕೇ ಸೆಸ್ನಾದಲ್ಲಿ ಮ್ಯಾಗ್ನೆಟೋಮೀಟರನ್ನ ಎಂಜಿನ್, ರೇಡಿಯೋ ಎಲ್ಲದರಿಂದ ದೂರ, ರೆಕ್ಕೆಯೊಳಗೆ ಇಡ್ತಾರೆ. ಆದ್ರೆ ರೆಕ್ಕೆಯಲ್ಲೂ ದೀಪದ ವೈರು ಇರುತ್ತೆ, ಪಿಟೋ ಹೀಟರ್ ವೈರು ಇರುತ್ತೆ. ಎಷ್ಟೋ ಲೋಹದ ವಿಮಾನಗಳಲ್ಲಿ ಕರೆಂಟ್ ವಾಪಸ್ ಬರೋದು ವಿಮಾನದ ಮೈ ಮೂಲಕ. ಹೋಗೋ ವೈರಿನ ಕ್ಷೇತ್ರವನ್ನ ಹೊಡೆದುಹಾಕೋಕೆ ಪಕ್ಕದಲ್ಲಿ ಬರೋ ವೈರೇ ಇಲ್ಲ. ಎರಡೂ ವೈರನ್ನ ಜಡೆ ಹೆಣೆದ ಹಾಗೆ ಸುತ್ತಿ ಎಳೆದ್ರೆ ತೊಂದರೆ ಬಹುಪಾಲು ಹೋಗುತ್ತೆ.

ದೊಡ್ಡಪ್ಪ ಹೆಡಿಂಗ್ ದೂರು ಬಂದ ತಕ್ಷಣ ಪೆಟ್ಟಿಗೆ ಬಿಚ್ಚಲ್ಲ. ಮೊದಲು ವಿಮಾನವನ್ನ ಹ್ಯಾಂಗರ್‌ನಿಂದ ದೂರ ಎಳೆಸ್ತಾರೆ. ಹ್ಯಾಂಗರ್ ಅಂದ್ರೇ ಕಬ್ಬಿಣ, ಕಾಂಕ್ರೀಟ್ ಒಳಗೂ ಕಂಬಿ. ಆಮೇಲೆ ಒಂದೊಂದೇ ಸ್ವಿಚ್: ದೀಪ, ಸ್ಟ್ರೋಬ್, ಪಿಟೋ ಹೀಟರ್, ಫ್ಲಾಪ್. ಪ್ರತಿಯೊಂದಕ್ಕೂ ಸ್ವಲ್ಪ ಹೊತ್ತು ಕಾಯ್ತಾರೆ. ಗೈರೋ ದಿಕ್ಕನ್ನ ಹಿಡಿದಿಟ್ಟುಕೊಂಡಿರುತ್ತೆ, ಮ್ಯಾಗ್ನೆಟೋಮೀಟರ್ ಅದನ್ನ ನಿಧಾನಕ್ಕೆ ಎಳೆಯುತ್ತೆ. ಸ್ವಿಚ್ ಹಾಕಿ ಎರಡು ಸೆಕೆಂಡ್ ನೋಡಿ 'ಏನೂ ಆಗಲಿಲ್ಲ' ಅಂದ್ರೆ ಮೋಸ ಹೋಗ್ತೀವಿ. ಆಮೇಲೆ ನಿಶ್ಚಿತ ದಿಕ್ಕಿನಲ್ಲಿ ನಿಲ್ಲಿಸಿ ನೋಡೋದು. ಅದಕ್ಕೆ ಉಪಕರಣ ಬೇಕಾಗಿಲ್ಲ, ರನ್‌ವೇ ಮೇಲೇ ಬರೆದಿದೆ. ಜಕ್ಕೂರಿನ ರನ್‌ವೇ 08 ಅಂದ್ರೆ ಕಂಪಾಸ್ ಪ್ರಕಾರ ಸುಮಾರು 80 ಡಿಗ್ರಿ. ಮಧ್ಯದ ಗೆರೆ ಮೇಲೆ ನಿಂತಾಗ ಪರದೆ 95 ತೋರಿಸಿದ್ರೆ ಹಾರೋ ಮುಂಚೆಯೇ ಗೊತ್ತಾಯ್ತಲ್ಲ. ಕೊನೆಗೆ ಎಂಜಿನ್ ಓಡಿಸಿ, ರೇಡಿಯೋ ಆನ್ ಇಟ್ಟು, 30 ಡಿಗ್ರಿಗೊಮ್ಮೆ ತಿರುಗಿಸಿ ಓದು ಬರ್ಕೊಳ್ತಾರೆ. ಅದನ್ನ ಕಂಪಾಸ್ ಸ್ವಿಂಗ್ ಅಂತಾರೆ. ಹಾರುವಾಗ ಹೇಗಿರುತ್ತೋ ಹಾಗೇ ಇಟ್ಟು ಅಳೆಯೋದು. ನಾವು ತಪ್ಪಿದ್ದು ಇದನ್ನೇ.

ನಮ್ಮ ಕಡೆಯ ಒಂದು ವಿಶೇಷ ಹೇಳಲೇಬೇಕು. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸೋಕೆ ತುಂಬಾವನ್ನ ಆರಿಸಿದ್ದು ಅದಕ್ಕೇ. ಇಲ್ಲಿ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ, ಕಂಪಾಸಿಗೆ ಅದು ಹಬ್ಬ. ಯೂರೋಪಿನ ಬಹುಭಾಗದಲ್ಲಿ ಅಡ್ಡ ಭಾಗ ನಮ್ಮದರ ಅರ್ಧದಷ್ಟೇ, ಹಾಗಾಗಿ ಅದೇ ಸ್ಕ್ರೂ ಅಲ್ಲಿ ಇಮ್ಮಡಿ ತಪ್ಪು ಮಾಡಿಸುತ್ತೆ. ಇನ್ನೊಂದು, ಜಿಪಿಎಸ್ ಕೊಡೋ ದಾರಿ ಭೂಗೋಳದ ಉತ್ತರದಿಂದ ಅಳೆದದ್ದು, ಕಂಪಾಸ್ ಕಾಂತೀಯ ಉತ್ತರದಿಂದ. ಎರಡನ್ನೂ ಒಂದೇ ಲೆಕ್ಕಕ್ಕೆ ತರದೆ ಕಳೆದ್ರೆ ಮತ್ತೆ ಸುಳ್ಳು ಗಾಳಿ. ಬೆಂಗಳೂರಿನಲ್ಲಿ ಈ ವ್ಯತ್ಯಾಸ 2 ಡಿಗ್ರಿಗಿಂತ ಕಡಿಮೆ, ಅಮೆರಿಕದ ಸಿಯಾಟಲ್‌ನಲ್ಲಿ ಸುಮಾರು 15. ನಮ್ಮ ಕೋಡ್‌ನಲ್ಲಿ ಈ ತಿದ್ದುಪಡಿ ಇರಲೇ ಇಲ್ಲ. ಇಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೋಡನ್ನ ಗಿಟ್‌ಹಬ್‌ನಲ್ಲಿ ಹಾಕಿದ್ದೀವಿ, ಸಿಯಾಟಲ್‌ನಲ್ಲಿ ಯಾರಾದ್ರೂ ಇಳಿಸಿಕೊಂಡಿದ್ರೆ ಕ್ಷಮೆ ಇರಲಿ. ಈಗ ಸರಿ ಮಾಡಿದ್ದೀವಿ.

ಈಗ ನಮ್ಮ ತಕರಾರಿಗೆ ಬರ್ತೀವಿ. ಅದು ಅರ್ಧ ನಮ್ಮ ಮೇಲೆ, ಅರ್ಧ ನಮ್ಮ ಲ್ಯಾಬ್‌ಗಳ ಮೇಲೆ. ಎರಡು ವರ್ಷದಲ್ಲಿ ನಾವು ಮಾಡಿದ ಪ್ರತಿ ಪ್ರಯೋಗದ ಉತ್ತರವೂ ಮೊದಲೇ ಗೊತ್ತಿತ್ತು. ಸೀನಿಯರ್ ರೆಕಾರ್ಡ್ ಕೈಯಲ್ಲಿರುತ್ತೆ. ಓದು ಬೇರೆ ಬಂದ್ರೆ ಮೀಟರ್ ಬದಲಾಯಿಸ್ತೀವಿ, ಆಗಲೂ ಬರದಿದ್ರೆ ಪೆನ್ನಿನಲ್ಲಿ ಸರಿ ಮಾಡ್ತೀವಿ. ವೈವಾದಲ್ಲಿ 'ವ್ಯಾಲ್ಯೂ ಬಂತಾ?' ಅಂತ ಕೇಳ್ತಾರೆ, 'ಯಾಕೆ ಬರಲಿಲ್ಲ?' ಅಂತ ಕೇಳಿದ್ದು ನಮಗಂತೂ ನೆನಪಿಲ್ಲ. 15 ಡಿಗ್ರಿ ಕಳೆಯೋ ಬುದ್ಧಿ ನಮಗೆ ಗ್ರೌಂಡಿನಲ್ಲಿ ಹುಟ್ಟಿದ್ದಲ್ಲ, ಲ್ಯಾಬ್‌ನಲ್ಲಿ ಕಲಿತದ್ದು. ನಾವು ಕೇಳೋದು ಇಷ್ಟೇ, ಪ್ರತಿ ಲ್ಯಾಬ್‌ನಲ್ಲಿ ಒಂದು ಬೆಂಚಿನ ಮೇಲೆ ಬೇಕಂತಲೇ ತಪ್ಪು ಓದೋ ಒಂದು ಸೆಟಪ್ ಇಡಿ. ತಪ್ಪು ಎಲ್ಲಿದೆ ಅಂತ ಹುಡುಕಿದವರಿಗೆ ಮಾರ್ಕ್ಸ್ ಕೊಡಿ. ಹುಡುಕೋಕೆ ಆಗದಿದ್ರೂ ಏನೇನು ನೋಡಿದ್ರು ಅಂತ ಬರೆದವರಿಗೂ ಕೊಡಿ. ಸಮಯ ಸಾಲಲ್ಲ ಅಂತೀರಾ? ಒಂದೇ ಉತ್ತರವನ್ನ ಅರವತ್ತು ರೆಕಾರ್ಡ್‌ನಲ್ಲಿ ಬರೆಸೋಕೆ ಸಮಯ ಇದೆಯಲ್ಲ.

ನಮ್ಮ ರಿಪೋರ್ಟನ್ನ ವಾಪಸ್ ತಗೊಂಡು ಎರಡೂ ಗ್ರಾಫ್ ಹಾಕಿ ಮತ್ತೆ ಕೊಟ್ಟಿದ್ದೀವಿ. ಮೇಡಂ ಏನೂ ಬೈಯಲಿಲ್ಲ. ಎರಡು ಮಾರ್ಕ್ಸ್ ಕಡಿಮೆ ಮಾಡಿದ್ರು, ನ್ಯಾಯವೇ. ಹಳೆಯ ಕಂಪಾಸ್ ಮಾಡ್ಯೂಲ್‌ದು ಇನ್ನೂ ಬಾಕಿ ಇತ್ತು. ಎಸ್.ಪಿ. ರೋಡಿಗೆ ಹೋಗಿ, "ಅಣ್ಣ, ಅವತ್ತು ನಾವು ವಾಪಸ್ ಕೊಟ್ಟಿದ್ದು ಚೆನ್ನಾಗೇ ಇತ್ತು, ತಪ್ಪು ನಮ್ಮ ವೈರಿಂಗ್‌ದು" ಅಂದ್ವಿ. ಅವರು ಡ್ರಾಯರ್ ಎಳೆದು ಅದೇ ಮಾಡ್ಯೂಲ್ ತೆಗೆದ್ರು. ಮೇಲೆ ಮಾರ್ಕರ್‌ನಲ್ಲಿ ಇಂಟು ಹಾಕಿ ಪಕ್ಕಕ್ಕೆ ಎಸೆದಿದ್ರು. "ನೀವು ಎಂಜಿನಿಯರಿಂಗ್ ಹುಡುಗ್ರು ಹೇಳಿದ್ಮೇಲೆ ನಾನ್ಯಾಕೆ ಚೆಕ್ ಮಾಡ್ಲಿ ಅಂದ್ಕೊಂಡೆ" ಅಂದ್ರು. ದುಡ್ಡು ಕೊಟ್ಟು ಅದನ್ನೂ ತಂದಿದ್ದೀವಿ.

ಈಗ ವೈರು ಹೆಣೆದಾಗಿದೆ, ಕಂಪಾಸ್ ರೆಕ್ಕೆಯ ತುದಿಗೆ ಹೋಗಿದೆ. ಶನಿವಾರ ಬೆಳಗ್ಗೆ ಆರು ಗಂಟೆಗೆ ಹಾಸ್ಟೆಲ್ ಹಿಂದಿನ ದೊಡ್ಡ ಬಯಲಿನಲ್ಲಿ ನಾಲ್ಕೂ ದಿಕ್ಕಿಗೆ ಹಾರಿಸ್ತೀವಿ, ಎರಡೂ ಮಾಡ್ಯೂಲ್ ಹಾಕಿ. ಬರೋರು ಬನ್ನಿ. ಊದುಬತ್ತಿ ನಾವು ತರ್ತೀವಿ.